ಒಂಟೆಯ ಅಡಿಯಲ್ಲೊಂದು ಎತ್ತು

"ಲೇ, ಇದು ಎತ್ತಲ್ಲೇನಲೇ?"

ಗೆಳೆಯನ ಬೆರಳು ಬಂಡೆಯಿಂದ ಒಂದು ಮಾರು ದೂರದಲ್ಲಿ ಗಾಳಿಯಲ್ಲೇ ನಿಂತಿತ್ತು. ಅದಕ್ಕಿಂತ ಹತ್ತಿರ ಹೋಗಲು ಕಾವಲುಗಾರ ಬಿಡುತ್ತಿರಲಿಲ್ಲ. ಎದುರಿಗೆ ಕಾಣುತ್ತಿದ್ದದ್ದು ಒಂಟೆ. ಉದ್ದ ಕತ್ತು, ಒಂದೇ ಡುಬ್ಬ, ಸಪೂರ ಕಾಲು. ಮಕ್ಕಳೂ ಗುರುತಿಸುತ್ತಾರೆ. ಆದರೆ ಅವನು ತೋರಿಸುತ್ತಿದ್ದದ್ದು ಒಂಟೆಯನ್ನಲ್ಲ. ಅದರ ಹೊಟ್ಟೆಯ ಕೆಳಗಿಂದ ಹಾದು ಕತ್ತಿನ ಆಚೆಗೆ ಹೊರಡುತ್ತಿದ್ದ ಇನ್ನೊಂದು ಮಂಕು ಗೆರೆಯನ್ನು. ಅದನ್ನು ಕಣ್ಣಲ್ಲೇ ಹಿಡಿದುಕೊಂಡು ಹೋದೆ. ತುಂಬಿದ ಮೈ, ನೆಟ್ಟನೆಯ ಬೆನ್ನು, ಗಿಡ್ಡ ಕಾಲು, ಕೊನೆಗೆ ಮೇಲಕ್ಕೆ ಚಾಚಿದ ಎರಡು ಉದ್ದ ಕೊಂಬು. ಹೌದು, ಎತ್ತೇ.

"ಇಲ್ಲಿ ಒಂದು ಕಡ್ಡಿ ಹುಲ್ಲಿಲ್ಲ. ಏನ್ ತಿಂತಿತ್ತು ಇದು?"

ನಾವು ನಿಂತಿದ್ದದ್ದು ಸೌದಿ ಅರೇಬಿಯಾದ ಉತ್ತರ ಭಾಗದಲ್ಲಿ, ಹಾಯಿಲ್ ನಗರದಿಂದ ಸುಮಾರು 90 ಕಿಲೋಮೀಟರ್ ದೂರದ ಜುಬ್ಬಾ ಎಂಬ ಊರಿನ ಪಕ್ಕದ ಗುಡ್ಡದ ಬುಡದಲ್ಲಿ. ಗುಡ್ಡದ ಹೆಸರು ಜಬಲ್ ಉಮ್ ಸಿನ್ಮಾನ್. ದೂರದಿಂದ ನೋಡಿದರೆ ಒಂಟೆಯ ಎರಡು ಡುಬ್ಬದ ಹಾಗೆ ಕಾಣುವುದಕ್ಕೆ ಆ ಹೆಸರು. ಸುತ್ತ ನಫೂದ್ ಮರುಭೂಮಿ, ಕೆಂಪು ಮರಳಿನ ದಿಬ್ಬದ ಮೇಲೆ ದಿಬ್ಬ. ಪಶ್ಚಿಮದಿಂದ ಬೀಸುವ ಗಾಳಿ ಹೊತ್ತು ತರುವ ಮರಳನ್ನು ಈ ಗುಡ್ಡ ಅಡ್ಡ ನಿಂತು ತಡೆಯುತ್ತದೆ. ಹಾಗಾಗಿ ಅದರ ಮರೆಯಲ್ಲಿ ಒಂದು ದೊಡ್ಡ ಬಟ್ಟಲಿನಂಥ ತಗ್ಗು ಮರಳಿಲ್ಲದೆ ಉಳಿದಿದೆ. ಜುಬ್ಬಾ ಇರುವುದು ಆ ತಗ್ಗಿನಲ್ಲಿ.

ಗೆಳೆಯನಿಗೆ ಎತ್ತು ತಟ್ಟನೆ ಕಂಡದ್ದಕ್ಕೆ ಕಾರಣವಿದೆ. ಅವನು ಬಳ್ಳಾರಿ ಪಕ್ಕದ ಸಂಗನಕಲ್ಲಿನವನು. ರಜೆಯಲ್ಲಿ ಎಮ್ಮೆ ಹೊಡೆದುಕೊಂಡು ಕಪ್ಪಗಲ್ಲಿನ ಗುಡ್ಡಕ್ಕೆ ಹೋಗುತ್ತಿದ್ದವನು. ಆ ಗುಡ್ಡದ ನೆತ್ತಿಯ ಮೇಲೆ ಹಾದುಹೋಗುವ ಕರಿಗಲ್ಲಿನ ಸಾಲಿನಲ್ಲಿ ನೂರಾರು ಎತ್ತುಗಳನ್ನು ನವಶಿಲಾಯುಗದ ದನಗಾಹಿಗಳು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದ್ದಾರೆ. ನಮ್ಮ ಪುರಾತತ್ವದವರು ಇಂಥವಕ್ಕೆ ಕುಟ್ಟುಚಿತ್ರ ಎನ್ನುತ್ತಾರೆ. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ಠಣ್ ಎನ್ನುತ್ತವೆ. ಊರ ಹುಡುಗರಿಗೆ ಅದೇ ಆಟ. ಜುಬ್ಬಾದಲ್ಲೂ ಇವನ ಕೈ ಹಳೆಯ ಅಭ್ಯಾಸಬಲದಿಂದ ನೆಲದ ಕಲ್ಲೊಂದಕ್ಕೆ ಹೋಯಿತು. ಕಾವಲುಗಾರ ದೂರದಿಂದಲೇ "ಲಾ, ಲಾ!" ಎಂದು ಕೂಗಿಕೊಂಡ. ಬೇಡ, ಬೇಡ. ಕಲ್ಲು ಕೆಳಗಿಟ್ಟು ಗೆಳೆಯ ನನ್ನ ಕಡೆ ತಿರುಗಿದ. "ಇದು ಮರಳುಗಲ್ಲು ಬಿಡು, ಹೆಂಗೂ ನುಡಿಯಂಗಿಲ್ಲ."

ಅವನು ರಿಯಾದ್‌ಗೆ ಬಂದು ಹದಿನಾಲ್ಕು ವರ್ಷ. ಕಟ್ಟಡಗಳ ವಿದ್ಯುತ್ ಕೆಲಸದ ಮೇಲ್ವಿಚಾರಣೆ. ಇಷ್ಟು ವರ್ಷದಲ್ಲಿ ಕೆಲಸ ಇರುವ ಊರು ಬಿಟ್ಟರೆ ಮೆಕ್ಕಾ ರಸ್ತೆಯ ಕವಲಿನವರೆಗೆ ಗೆಳೆಯರನ್ನು ಬಿಡಲು ಹೋದದ್ದೇ ಅವನ ದೊಡ್ಡ ಪ್ರವಾಸ. ಸೌದಿ ಪ್ರವಾಸಿ ವೀಸಾ ಕೊಡಲು ಶುರುಮಾಡಿದ್ದೇ 2019ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮುಂಚೆ ನನ್ನಂಥವನು ಬಂಡೆ ನೋಡಲು ಬರುತ್ತೇನೆ ಎಂದಿದ್ದರೆ ವೀಸಾ ಕಚೇರಿಯವರು ನಕ್ಕು ಕಳಿಸುತ್ತಿದ್ದರೋ ಏನೋ.

ಇನ್ನೊಂದು ವಿಷಯ ಹೇಳಬೇಕು. ಈ ಎತ್ತು ನಮಗೆ ಕಂಡದ್ದು ಸಂಜೆ. ಅದೇ ಬಂಡೆಯ ಮುಂದೆ ಅದೇ ದಿನ ಮಧ್ಯಾಹ್ನ ಹನ್ನೆರಡೂವರೆಗೆ ನಿಂತಿದ್ದಾಗ ಏನೂ ಕಂಡಿರಲಿಲ್ಲ. ಬೆಳಿಗ್ಗೆ ಐದಕ್ಕೆ ಬರುತ್ತೇನೆಂದ ಗಾಡಿಯವರು ಬಂದದ್ದು ಹತ್ತಕ್ಕೆ. ಹಣ ಮುಂಗಡವಾಗಿಯೇ ಕೊಟ್ಟಾಗಿತ್ತು, ಜಗಳ ಆಡುವ ಭಾಷೆ ನನಗೆ ಗೊತ್ತಿರಲಿಲ್ಲ. ನೆತ್ತಿಯ ಮೇಲಿನ ಬಿಸಿಲಿಗೆ ಬಂಡೆಯ ಕಪ್ಪು ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಆ ಹೊಳಪಿನಲ್ಲಿ ದೊಡ್ಡ ಒಂಟೆಗಳು ಅಲ್ಲಲ್ಲಿ ಕಂಡವೇ ಹೊರತು ಉಳಿದದ್ದೆಲ್ಲ ಬರೀ ಕಲ್ಲು. ಇಷ್ಟಕ್ಕೆ ಇಷ್ಟು ದೂರ ಬಂದೆನೇ ಎಂದು ಮನಸ್ಸು ಪಿಚ್ಚೆಂದಿತು. ನಾಲ್ಕು ಗಂಟೆಯ ನಂತರ ಬೆಳಕು ಓರೆಯಾಯಿತು ನೋಡಿ, ಬಂಡೆ ಮೈ ಬಿಚ್ಚತೊಡಗಿತು. ಒಂದೊಂದೇ ಕೊಂಬು, ಒಂದೊಂದೇ ಕಾಲು, ಗೆರೆಯ ಅಂಚಿನಲ್ಲಿ ಕೂದಲೆಳೆಯಷ್ಟು ನೆರಳು.

ಆ ಕಪ್ಪು ಮೈಯೇ ಇಲ್ಲಿನ ಕಲಾವಿದರ ಹಲಗೆ. ಮರಳುಗಲ್ಲು ಒಳಗೆ ತಿಳಿ ಬಣ್ಣದ್ದು, ಬೆಲ್ಲದ ಹಾಗೆ. ಸಾವಿರಾರು ವರ್ಷ ಗಾಳಿ, ಧೂಳು, ಇಬ್ಬನಿಗೆ ಒಡ್ಡಿಕೊಂಡ ಮೇಲ್ಮೈ ಮೇಲೆ ಮ್ಯಾಂಗನೀಸು, ಕಬ್ಬಿಣ, ಜೇಡಿಯ ತೆಳ್ಳನೆಯ ಪದರ ಕೂತು ಕಪ್ಪಾಗುತ್ತದೆ. ಗಟ್ಟಿ ಕಲ್ಲಿನಿಂದ ಕುಟ್ಟಿದರೆ ಆ ಪದರ ಹಾರಿಹೋಗಿ ಒಳಗಿನ ತಿಳಿ ಬಣ್ಣ ಹೊರಬರುತ್ತದೆ. ಹೊಸ ಚಿತ್ರ ಕಪ್ಪು ಹಲಗೆಯ ಮೇಲಿನ ಸೀಮೆಸುಣ್ಣದಂತೆ ಎದ್ದು ಕಾಣುತ್ತದೆ. ಕಾಲ ಕಳೆದಂತೆ ಗೆರೆಯೂ ನಿಧಾನಕ್ಕೆ ಕಪ್ಪಾಗುತ್ತಾ ಬಂಡೆಯ ಬಣ್ಣಕ್ಕೆ ಹತ್ತಿರವಾಗುತ್ತದೆ. ಒಂದೇ ಬಂಡೆಯ ಮೇಲೆ ತಿಳಿಯಾಗಿರುವುದು ಈಚಿನದು, ಮಂಕಾಗಿರುವುದು ಹಳೆಯದು. ಒಂದರ ಮೇಲೆ ಇನ್ನೊಂದು ಬಿದ್ದಿದ್ದರಂತೂ ಯಾರು ಮೊದಲು ಎಂದು ಕೇಳುವ ಹಾಗೇ ಇಲ್ಲ. ನಮ್ಮ ಒಂಟೆ ತಿಳಿ. ಅದರ ಅಡಿಯ ಎತ್ತು ಮಂಕು.

ಹಾಗಾದರೆ ಎತ್ತು ಏನು ತಿನ್ನುತ್ತಿತ್ತು? ಉತ್ತರ ನಾವು ನಿಂತ ತಗ್ಗಿನಲ್ಲೇ ಇತ್ತು. ಜುಬ್ಬಾದ ಬಟ್ಟಲು ಒಂದು ಕಾಲಕ್ಕೆ ಕೆರೆ. ಸುಮಾರು 10,000ದಿಂದ 6,000 ವರ್ಷಗಳ ಹಿಂದೆ ಅರೇಬಿಯಾಕ್ಕೆ ಈಗಿನದಕ್ಕಿಂತ ಹೆಚ್ಚು ಮಳೆ ಬೀಳುತ್ತಿತ್ತು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನಕ್ಕೆ ತೊನೆಯುವುದರಿಂದ ಆಗ ಉತ್ತರ ಗೋಲಾರ್ಧದ ಬೇಸಿಗೆಗೆ ಬಿಸಿಲು ಹೆಚ್ಚು ಸಿಗುತ್ತಿತ್ತು, ಬೇಸಿಗೆಯ ಮಳೆಮಾರುತಗಳು ಉತ್ತರಕ್ಕೆ ಹೆಚ್ಚು ದೂರ ನುಗ್ಗುತ್ತಿದ್ದವು. ದಕ್ಷಿಣ ಅರೇಬಿಯಾಕ್ಕೆ ಬಂದದ್ದು ನಮ್ಮ ಮುಂಗಾರಿನ ನೆಂಟನೇ. ನಫೂದ್‌ವರೆಗೆ ಬಂದ ಮಳೆ ಆಫ್ರಿಕಾ ಕಡೆಯದೋ, ಮೆಡಿಟರೇನಿಯನ್ ಕಡೆಯದೋ ಎಂದು ವಿದ್ವಾಂಸರಲ್ಲಿ ವಾದ ಇನ್ನೂ ಮುಗಿದಿಲ್ಲ. ಯಾವ ಕಡೆಯದಾದರೂ ಕೆರೆ ತುಂಬಿತು, ಸುತ್ತ ಹುಲ್ಲು ಬಂತು, ಹುಲ್ಲಿನ ಹಿಂದೆ ದನ ಬಂತು, ದನದ ಹಿಂದೆ ದನ ಕಾಯುವವರು. ಮಾನ್ಸೂನ್ ಎಂಬ ಮಾತು ಋತು ಎಂಬ ಅರ್ಥದ ಅರಬ್ಬಿಯ ಮೌಸಿಮ್‌ನಿಂದ ಹುಟ್ಟಿತು ಎಂಬುದನ್ನು ಈ ಒಣ ಕೆರೆಯ ದಂಡೆಯಲ್ಲಿ ನೆನೆದರೆ ಒಂಥರಾ ಅನ್ನಿಸುತ್ತದೆ.

ಒಂದು ಎತ್ತಿಗೆ ದಿನಕ್ಕೆ ಎಷ್ಟು ಕೊಡ ನೀರು ಬೇಕೆಂದು ಎತ್ತು ಸಾಕಿದ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಒಂಟೆಯಾದರೆ ವಾರಗಟ್ಟಲೆ ತಡೆಯುತ್ತದೆ, ಎತ್ತು ತಡೆಯುವುದಿಲ್ಲ. ಅದನ್ನು ಇಲ್ಲಿ ಬಂಡೆಯ ಮೇಲೆ ಹತ್ತಾರು ಕಡೆ, ಕೊಂಬಿನ ಬಾಗು ಸಮೇತ, ಮೈಮೇಲಿನ ಮಚ್ಚೆ ಸಮೇತ ಯಾರೋ ಕುಟ್ಟಿದ್ದಾರೆ ಎಂದರೆ ಅವರು ನೀರಿನ ಪಕ್ಕ ಕೂತು ಕುಟ್ಟಿದ್ದಾರೆ. ಇದನ್ನು ಮರುಭೂಮಿಯ ಕಲೆ ಎಂದು ಕರೆಯುವುದೇ ತಪ್ಪು ಎಂದು ನನಗೆ ಆ ಸಂಜೆ ಅನ್ನಿಸಿತು. ಮರುಭೂಮಿ ಆಮೇಲೆ ಬಂದದ್ದು. ಒಂಟೆಯನ್ನು ಪಳಗಿಸಿ, ಅದರ ಮೇಲೆ ಕೂತು, ಈಟಿ ಹಿಡಿದು ಹೊರಟ ಜನ ಬಂದದ್ದು ಸುಮಾರು 3,000 ವರ್ಷಗಳಿಂದ ಈಚೆಗೆ. ಅವರು ಒಂಟೆಗಳ ಪಕ್ಕದಲ್ಲಿ ಥಮೂದಿಕ್ ಎನ್ನುವ ಲಿಪಿಯಲ್ಲಿ ಚಿಕ್ಕ ಚಿಕ್ಕ ಬರಹಗಳನ್ನೂ ಬಿಟ್ಟಿದ್ದಾರೆ. ಹೆಚ್ಚಿನವು ಹೆಸರುಗಳು. ನಮ್ಮ ಹುಡುಗರು ಹಂಪಿಯ ಕಂಬದ ಮೇಲೆ ಕೆತ್ತಿದರೆ ಬೈಯುತ್ತೇವೆ. ಅದೇ ಕೆಲಸ ಎರಡು ಸಾವಿರ ವರ್ಷ ಹಳತಾದರೆ ಬೇಲಿ ಹಾಕುತ್ತೇವೆ.

ಈ ಲೆಕ್ಕಕ್ಕೆ ಒಂದು ತಿರುವು 2025ರಲ್ಲಿ ಸಿಕ್ಕಿತು. ನಫೂದ್‌ನ ದಕ್ಷಿಣದ ಅಂಚಿನ ಜಬಲ್ ಅರ್ನಾನ್, ಜಬಲ್ ಮ್ಲೈಹಾ, ಜಬಲ್ ಮಿಸ್ಮಾ ಎಂಬ ಗುಡ್ಡಗಳಲ್ಲಿ ಮರಿಯಾ ಗ್ವಾನಿನ್ ಎಂಬ ಸಂಶೋಧಕಿಯ ತಂಡ 176 ಕೆತ್ತನೆಗಳನ್ನು ದಾಖಲಿಸಿತು. ಅದರಲ್ಲಿ 130 ನಿಜ ಗಾತ್ರದವು, ಬಹುಪಾಲು ಒಂಟೆಗಳು. ವಯಸ್ಸು 12,800ರಿಂದ 11,400 ವರ್ಷ. ಅಂದರೆ ಎತ್ತಿಗೂ ಮುಂಚೆ ಒಂಟೆ ಇತ್ತು, ಆದರೆ ಕಾಡು ಒಂಟೆ. ಕೆಲವನ್ನು ನೆಲದಿಂದ 39 ಮೀಟರ್ ಎತ್ತರದ ಕಡಿದಾದ ಬಂಡೆಯ ಮೇಲೆ ಕೆತ್ತಿದ್ದಾರೆ. ಒಂದು ಅಡಿ ಹಿಂದೆ ಸರಿದು ಚಿತ್ರ ಹೇಗೆ ಬಂತು ಎಂದು ನೋಡಲೂ ಜಾಗವಿಲ್ಲದ ಕಡೆ! ಹತ್ತಿರದಲ್ಲೇ ಮಳೆಗಾಲದಲ್ಲಿ ನೀರು ನಿಲ್ಲುತ್ತಿದ್ದ ತಗ್ಗುಗಳ ಗುರುತು ಸಿಕ್ಕಿದೆ. ಇಲ್ಲಿ ನೀರಿದೆ, ಇದು ನಮ್ಮದು ಎಂದು ಬರುವವರಿಗೆಲ್ಲ ಸಾರುವ ಫಲಕಗಳಾಗಿದ್ದಿರಬಹುದು ಎಂಬುದು ಸಂಶೋಧಕರ ಅಂದಾಜು. ಹೀಗೆ ಕಾಡು ಒಂಟೆ, ಅದರ ನಂತರ ಎತ್ತು, ಕೊನೆಗೆ ಮೂಗುದಾರದ ಒಂಟೆ. ಬಂಡೆ ಓದಲು ಬಂದವನಿಗೆ ಇದು ನೀರಿನ ಖಾತೆ ಪುಸ್ತಕ.

ಜುಬ್ಬಾದಲ್ಲಿ ಮನುಷ್ಯರ ಚಿತ್ರಗಳೂ ಇವೆ, ಆಳೆತ್ತರದವು, ತಲೆಗೆ ಏನೋ ಕಟ್ಟಿಕೊಂಡವು. ಊರವರು ಒಬ್ಬನನ್ನು ರಾಜ ಎನ್ನುತ್ತಾರೆ. ಆಗ ರಾಜ ಎಂಬುವನೇ ಇದ್ದಿರಲಾರ. ಇರಲಿ. 1879ರ ಜನವರಿಯಲ್ಲಿ ಕವಿ ಬೈರನ್ನನ ಮೊಮ್ಮಗಳು ಆನ್ ಬ್ಲಂಟ್, ಗಂಡನ ಜೊತೆ ಅರಬ್ಬಿ ಕುದುರೆಗಳನ್ನು ಹುಡುಕಿಕೊಂಡು ನಫೂದ್ ದಾಟಿ ಇದೇ ಜುಬ್ಬಾದ ಮೂಲಕ ಹಾಯಿಲ್‌ಗೆ ಹೋದಳು. ಆಕೆಗೆ ದಿನಗಟ್ಟಲೆ ಹಿಡಿದ ದಾರಿ ನಮಗೆ ಒಂದು ತಾಸಿನ ಡಾಂಬರು. ಹಾಗಾಗಿ ಜುಬ್ಬಾವನ್ನು ದುರ್ಗಮ ಎನ್ನಲು ಸಂಕೋಚವಾಗುತ್ತದೆ. ದುರ್ಗಮ ಎಂದರೆ ಮಾರನೆಯ ದಿನ ನೋಡಿದ ಶುವೈಮಿಸ್.

ಹಾಯಿಲ್‌ನಿಂದ ದಕ್ಷಿಣಕ್ಕೆ ಸುಮಾರು 250 ಕಿಲೋಮೀಟರ್. ಈ ಸಲ ಬೇರೆ ಗಾಡಿ, ಬೇರೆ ಚಾಲಕ, ಹೊರಟದ್ದು ಬೆಳಗಿನ ಜಾವ. ಡಾಂಬರು ಮುಗಿದ ಮೇಲೆ ನೆಲ ಕಪ್ಪಗಾಯಿತು. ಅರಬ್ಬಿಯಲ್ಲಿ ಇದಕ್ಕೆ ಹರ್ರಾ ಎನ್ನುತ್ತಾರೆ: ಹಳೆಯ ಜ್ವಾಲಾಮುಖಿಗಳು ಉಗುಳಿದ ಲಾವಾ ತಣ್ಣಗಾಗಿ ಒಡೆದು ಬಿದ್ದ ಕಲ್ಲುಬಯಲು. ಕುಂಬಳಕಾಯಿ ಗಾತ್ರದ ಕಲ್ಲು, ತೆಂಗಿನಕಾಯಿ ಗಾತ್ರದ ಕಲ್ಲು, ಅವುಗಳ ನಡುವೆ ಟೈರಿನ ಜಾಡು. ಗೆಳೆಯ ಮುಂದಿನ ಸೀಟಿನ ಹಿಡಿಕೆಗೆ ಜೋತುಬಿದ್ದು ಸಂಡೂರಿನ ಅದಿರು ಲಾರಿಗಳ ಕಾಲದ ರಸ್ತೆಯನ್ನು ನೆನೆಯುತ್ತಿದ್ದ. ಫೋನಿನ ಸಿಗ್ನಲ್ ಯಾವಾಗಲೋ ಹೋಗಿತ್ತು.

ಈ ಹರ್ರಾಗಳಲ್ಲೂ, ಇನ್ನೂ ಪಶ್ಚಿಮದ ಅಲ್ ಉಲಾ ಕಡೆಗೂ, ವಿಮಾನದಿಂದ ನೋಡಿದರೆ ಮಾತ್ರ ತಿಳಿಯುವ ಉದ್ದನೆಯ ಆಯತಾಕಾರದ ಕಲ್ಲಿನ ಕಟ್ಟೆಗಳು ಸಾವಿರಕ್ಕೂ ಹೆಚ್ಚಿವೆ. ಇವುಗಳ ಹೆಸರು ಮುಸ್ತತೀಲ್, ಎಂದರೆ ಅರಬ್ಬಿಯಲ್ಲಿ ಆಯತ. ಸುಮಾರು 7,000 ವರ್ಷ ಹಳೆಯವು. ಅಗೆದು ನೋಡಿದ ಕೆಲವುಗಳ ಒಳಗೆ ಸಿಕ್ಕಿದ್ದು ದನದ ಕೊಂಬು ಮತ್ತು ತಲೆಬುರುಡೆಯ ತುಂಡುಗಳು, ಯಾವುದೋ ಕಲ್ಲಿನ ಮುಂದೆ ಹರಕೆಯಂತೆ ಇಟ್ಟವು. ಇದನ್ನು ಹೇಳಿದಾಗ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ಮ ಕಡೆ ಬೂದಿದಿಬ್ಬ ಐತಲ್ಲ, ಹಂಗೆ" ಎಂದ. ಬೂದಿದಿಬ್ಬವೂ ದನದ ಜನರದ್ದೇ, ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದು. ಎರಡಕ್ಕೂ ಕೊಟ್ಟು ತರುವ ಸಂಬಂಧವೇನಿಲ್ಲ. ದನ ಸಾಕಿದವರಿಗೆ ದನ ಬರೀ ಹಾಲು, ಮಾಂಸವಾಗಿ ಉಳಿಯುವುದಿಲ್ಲ ಎಂಬುದಷ್ಟೇ ಎರಡೂ ಕಡೆ ಸಮಾನ.

ಶುವೈಮಿಸ್‌ನ ಚಿತ್ರಗಳು ಹೊರಗಿನವರಿಗೆ ತಿಳಿದದ್ದು 2001ರಲ್ಲಿ. ಒಂಟೆ ಮೇಯಿಸುತ್ತಿದ್ದ ಬೆದೂಯಿನ್ ಒಬ್ಬ ಹೇಳಿದ ಮೇಲೆಯೇ ಉಳಿದವರು ಬಂದು ನೋಡಿದ್ದು. ಜಬಲ್ ಅಲ್ ಮಂಜೂರ್ ಮತ್ತು ರಾತ್ ಎಂಬ ಎರಡು ಗುಡ್ಡಗಳು. ಜುಬ್ಬಾ ಮತ್ತು ಇವೆರಡನ್ನೂ ಸೇರಿಸಿ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಸೌದಿಯ ನಾಲ್ಕನೆಯ ತಾಣ. ಈಗ ತಂತಿಬೇಲಿ, ಬೀಗ, ಕಾವಲು. ಕಾವಲುಗಾರ ಬೀಗ ತೆಗೆಯುವ ಮೊದಲು ನಮ್ಮನ್ನು ತನ್ನ ಚಾಪೆಯ ಮೇಲೆ ಕೂರಿಸಿ ಗಹ್ವಾ ಕೊಟ್ಟ. ಏಲಕ್ಕಿ ಹಾಕಿ ಕುದಿಸಿದ ತಿಳಿ ಹಳದಿ ಕಾಫಿ, ಸಕ್ಕರೆ ಇಲ್ಲ, ಜೊತೆಗೆ ಖರ್ಜೂರ. ಬಟ್ಟಲು ಅಲ್ಲಾಡಿಸಿ ಸಾಕೆಂದು ತೋರಿಸುವವರೆಗೆ ಸುರಿಯುತ್ತಲೇ ಇರುತ್ತಾರೆ. ಅದು ಗೊತ್ತಿಲ್ಲದೆ ನಾನು ಆರು ಬಟ್ಟಲು ಕುಡಿದೆ. ದಾನಕ್ಕೆ ಹೆಸರಾದ ಹಾತಿಮ್ ತಾಯಿ ಹಾಯಿಲ್ ಸೀಮೆಯವನು ಎಂಬುದು ಆಗ ನೆನಪಾಯಿತು.

ಒಳಗೆ ಹೋದರೆ ಮೊದಲು ಕಣ್ಣಿಗೆ ಬಿದ್ದದ್ದು ನಾಯಿಗಳು. ಒಬ್ಬ ಬೇಟೆಗಾರ ಬಿಲ್ಲು ಎಳೆದು ನಿಂತಿದ್ದಾನೆ. ಅವನ ಸುತ್ತ ಹದಿಮೂರು ನಾಯಿ. ನಿಮಿರಿದ ಕಿವಿ, ಗಿಡ್ಡ ಮುಸುಡಿ, ಬೆನ್ನ ಮೇಲೆ ಸುರುಳಿಯಾದ ಬಾಲ. ಅವುಗಳಲ್ಲಿ ಎರಡರ ಕತ್ತಿನಿಂದ ಒಂದೊಂದು ಗೆರೆ ಹೊರಟು ಬೇಟೆಗಾರನ ಸೊಂಟಕ್ಕೆ ಸೇರುತ್ತದೆ. ಹಗ್ಗ! ಕೈ ಬಿಲ್ಲಿಗೆ ಬೇಕಲ್ಲ, ಅದಕ್ಕೆ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಾನೆ. ಇದು ಎಂಟೊಂಬತ್ತು ಸಾವಿರ ವರ್ಷ ಹಳೆಯದು ಎಂಬ ಅಂದಾಜು ಸರಿಯಾದರೆ, ಕಟ್ಟಿದ ನಾಯಿಯ ಜಗತ್ತಿನ ಅತ್ಯಂತ ಹಳೆಯ ಚಿತ್ರ. ಗೆರೆ ನಿಜವಾದ ಹಗ್ಗವೇ ಅಲ್ಲ, ಇದು ನನ್ನ ನಾಯಿ ಎಂದು ತೋರಿಸುವ ಗುರುತು ಇರಬಹುದು ಎನ್ನುವವರೂ ಇದ್ದಾರೆ. ಜುಬ್ಬಾ ಮತ್ತು ಶುವೈಮಿಸ್ ಸೇರಿ 1,400ಕ್ಕೂ ಹೆಚ್ಚು ಬಂಡೆಮುಖಗಳನ್ನು ಗ್ವಾನಿನ್ ಅವರ ತಂಡ ಒಂದೊಂದಾಗಿ ಲೆಕ್ಕ ಹಾಕಿದೆ. ನಾಯಿಗಳೇ ಜುಬ್ಬಾದಲ್ಲಿ 193, ಶುವೈಮಿಸ್‌ನಲ್ಲಿ 156.

ನಾನು ಆ ಬಂಡೆಯ ಮುಂದೆ ಅರ್ಧ ತಾಸು ಕೂತೆ. ಹದಿಮೂರೂ ಒಂದೇ ಅಚ್ಚಿನವು ಎಂದುಕೊಂಡಿದ್ದು ತಪ್ಪಾಯಿತು. ಒಂದರ ಎದೆಯ ಮೇಲೆ ಕುಟ್ಟದೆ ಬಿಟ್ಟ ಮಚ್ಚೆ, ಇನ್ನೊಂದಕ್ಕೆ ಇಲ್ಲ. ಯಾರದೋ ಮನೆಯ ನಾಯಿಗಳು, ಕುಟ್ಟಿದವನಿಗೆ ಹೆಸರು ಗೊತ್ತಿದ್ದವು. ಪಕ್ಕದ ಬಂಡೆಗಳಲ್ಲಿ ಕಾಡುಮೇಕೆ, ಕಾಡುಕತ್ತೆ, ಚೀತಾ, ಉಷ್ಟ್ರಪಕ್ಷಿ. ಅರೇಬಿಯಾದ ಉಷ್ಟ್ರಪಕ್ಷಿ ಇಪ್ಪತ್ತನೆಯ ಶತಮಾನದಲ್ಲಿ ಪೂರ್ತಿ ಅಳಿಯಿತು, ಅಂಬಿನಿಂದಲ್ಲ, ಬಂದೂಕು ಹಿಡಿದವರು ಮೋಟಾರು ಗಾಡಿ ಹತ್ತಿದ ಮೇಲೆ. ಮತ್ತೆ ಕೆಲವು ಕಡೆ ಬೇಟೆಯ ಚಿತ್ರದ ಮೇಲೆಯೇ ದೊಡ್ಡ ಕೊಂಬಿನ ದನಗಳು ನಡೆದುಹೋಗಿವೆ. ಬೇಟೆಗಾರರು ಹಳಬರು, ದನದವರು ಆಮೇಲಿನವರು. "ನಾಯಿ, ಎತ್ತು, ಒಂಟೆ" ಎಂದು ಗೆಳೆಯ ಬೆರಳು ಮಡಿಸಿ ಎಣಿಸಿದ. "ಈಗ ಯಾರಾರ ಕುಟ್ಟಿದ್ರೆ ಏನ್ ಕುಟ್ತಾರಲೇ? ಟೊಯೋಟಾನಾ?"

ಅದಕ್ಕೆ ಉತ್ತರ ಹಾಯಿಲ್‌ಗೆ ಮರಳುವ ದಾರಿಯಲ್ಲಿತ್ತು. ರಸ್ತೆಯ ಎರಡೂ ಬದಿ ಅಲ್ಲಲ್ಲಿ ದುಂಡನೆಯ ಹೊಲಗಳು. ನಡುವೆ ಕೊಳವೆಬಾವಿ, ಅದರ ಸುತ್ತ ಗಡಿಯಾರದ ಮುಳ್ಳಿನಂತೆ ತಿರುಗುವ ಉದ್ದನೆಯ ತುಂತುರು ಕೊಳವೆ. ಮೇಲಿಂದ ನೋಡಿದರೆ ಮರಳಿನ ಮೇಲೆ ಹಸಿರು ಬಿಲ್ಲೆ ಒತ್ತಿದ ಹಾಗೆ. ಆ ನೀರು ಈಗಿನ ಮಳೆಯದಲ್ಲ. ಹತ್ತಾರು ಸಾವಿರ ವರ್ಷಗಳ ಹಿಂದಿನ ಮಳೆಗಳು ಆಳದ ಮರಳುಗಲ್ಲಿಗೆ ಇಂಗಿದ್ದು. ಅದನ್ನು ಮೇಲೆತ್ತಿ 1990ರ ದಶಕದ ಆರಂಭದಲ್ಲಿ ಸೌದಿ ಅರೇಬಿಯಾ ಗೋಧಿ ರಫ್ತು ಮಾಡುವ ಜಗತ್ತಿನ ದೊಡ್ಡ ದೇಶಗಳಲ್ಲಿ ಒಂದಾಗಿತ್ತು. ಅಂತರ್ಜಲ ಕೆಳಕ್ಕೆ ಇಳಿಯುತ್ತಾ ಹೋದಾಗ ಸರ್ಕಾರವೇ 2008ರಲ್ಲಿ ಗೋಧಿ ಖರೀದಿಯನ್ನು ವರ್ಷವರ್ಷ ಕಡಿತ ಮಾಡುವ ತೀರ್ಮಾನಕ್ಕೆ ಬಂತು. 2016ರ ಹೊತ್ತಿಗೆ ಖರೀದಿ ನಿಂತಿತು. ನಾವು ನೋಡಿದ ಹೊಲಗಳಲ್ಲಿ ಕೆಲವು ಹಸಿರಾಗಿದ್ದವು. ಕೆಲವು ಬರೀ ದುಂಡು ಗುರುತಾಗಿ ಉಳಿದು ಮರಳಿನ ಬಣ್ಣಕ್ಕೆ ತಿರುಗುತ್ತಿದ್ದವು, ಬಂಡೆಯ ಮೇಲಿನ ಹಳೆಯ ಗೆರೆಯಂತೆ. ಗೆಳೆಯನಿಗೆ ತೋರಿಸೋಣವೆಂದರೆ ಅವನು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದ.

ಹೋಗುವ ಮನಸ್ಸಿದ್ದವರಿಗೆ ಒಂದೆರಡು ಮಾತು. ಕಾಲ, ನವೆಂಬರ್‌ನಿಂದ ಫೆಬ್ರುವರಿ. ಹಗಲು ಹಿತ, ರಾತ್ರಿ ಹಾಯಿಲ್‌ನಲ್ಲಿ ಸ್ವೆಟರ್ ಸಾಲದು. ಶುವೈಮಿಸ್‌ಗೆ ದಾರಿ ಬಲ್ಲ ಚಾಲಕ, ನಾಲ್ಕೂ ಚಕ್ರ ಎಳೆಯುವ ಗಾಡಿ, ಎರಡು ಸ್ಟೆಪ್ನಿ, ಅಂದುಕೊಂಡದ್ದಕ್ಕಿಂತ ಎರಡು ಪಟ್ಟು ಕುಡಿಯುವ ನೀರು ಬೇಕು. ಬೀಗದ ಕೀಲಿ ಯಾರ ಬಳಿ ಇದೆ ಎಂದು ಹಾಯಿಲ್‌ನಲ್ಲೇ ವಿಚಾರಿಸಿಕೊಂಡು ಹೊರಡಿ. ಕೊಟ್ಟ ಗಹ್ವಾ ಬೇಡ ಎನ್ನಬೇಡಿ, ಸಾಕಾದಾಗ ಬಟ್ಟಲು ಅಲ್ಲಾಡಿಸಿ. ಕೆಲವು ಬಂಡೆಗೆ ಬೆಳಗಿನ ಬೆಳಕು ಬೇಕು, ಕೆಲವಕ್ಕೆ ಸಂಜೆಯದು. ಗಾಡಿಯವನಿಗೆ ನಾಲ್ಕಕ್ಕೆ ಬರಲು ಹೇಳಿ, ಆರಕ್ಕಾದರೂ ಬಂದಾನು. ಮಧ್ಯಾಹ್ನ ಹೋದರೆ ಬರೀ ಕಲ್ಲು ಕಾಣುತ್ತದೆ.